ಎರಡನೇ ಗೇರ್ ಗಟ್ಟಿಯಾಗಿರುವ ಕಾರಿಗೆ ಶಾರ್ಟ್ ಶಿಫ್ಟರ್ ಹಾಕಬಹುದಾ?

ಪ್ರಶ್ನೆ: ನನ್ನದು 2017ರ ಫೋಕ್ಸ್‌ವ್ಯಾಗನ್ ಪೋಲೋ 1.5 ಡೀಸೆಲ್. 92,000 ಕಿ.ಮೀ. ಓಡಿದೆ. ಗೇರ್ ಲಿವರ್ ತುಂಬ ದೂರ ಎಳೆಯಬೇಕು, ಗೇರಿನಲ್ಲಿದ್ದಾಗಲೂ ಅಲ್ಲಾಡುತ್ತದೆ. ಲಿವರಿನ ಓಡಾಟ ಶೇ. 40 ಕಡಿಮೆಯಾಗುತ್ತದೆ ಅಂತ ಬರೆದಿದ್ದ ಶಾರ್ಟ್ ಶಿಫ್ಟರ್ ಕಿಟ್ ತರಿಸಿದ್ದೇನೆ. ನಮ್ಮೂರಿನ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಬೇಕು ಅಂತಾರೆ. ನಿಜವಾ? ಮನೆಯಲ್ಲೇ ಹಾಕಬಹುದಾ? ಚಳಿಗಾಲದ ಬೆಳಿಗ್ಗೆ ಎರಡನೇ ಗೇರ್ ಬೀಳೋದೇ ಕಷ್ಟ, ಅದೂ ಸರಿಹೋಗುತ್ತಾ? ಅಪ್ಪನೂ ಇದೇ ಕಾರು ಓಡಿಸ್ತಾರೆ. (ಓದುಗರು, ಚಿಕ್ಕಮಗಳೂರು)

ಉತ್ತರ: ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು ಮನೆ ಮುಂದೆ ನಿಲ್ಲಿಸಿಕೊಂಡು ಅರ್ಧ ದಿನದಲ್ಲಿ ಹಾಕಬಹುದು. ಆದರೆ ಎರಡನೇ ಗೇರಿನ ತೊಂದರೆ ಇದರಿಂದ ಸರಿಹೋಗಲ್ಲ. ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೇ ಕಿಟ್ ಇನ್ನೊಂದು ವಾರ ಡಬ್ಬಿಯಲ್ಲೇ ಇರಲಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಪೋಲೋದಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸಿಗೆ ಹೋಗುವುದಿಲ್ಲ. ಗೇರ್‌ಬಾಕ್ಸ್ ಕಾರಿನ ಮುಂಭಾಗದಲ್ಲಿ, ಎಂಜಿನ್ ಪಕ್ಕದಲ್ಲಿ ಅಡ್ಡಡ್ಡ ಕೂತಿದೆ. ಲಿವರಿನ ಬುಡದಿಂದ ಎರಡು ಕೇಬಲ್ ಅಲ್ಲಿಗೆ ಹೋಗುತ್ತವೆ. ಒಂದು, ಲಿವರನ್ನು ಎಡಕ್ಕೆ ಬಲಕ್ಕೆ ಸರಿಸಿದಾಗ ಯಾವ ಸಾಲು ಅಂತ ಆರಿಸುತ್ತದೆ. ಇನ್ನೊಂದು, ಹಿಂದೆ ಮುಂದೆ ಮಾಡಿದಾಗ ಗೇರ್ ಹಾಕುತ್ತದೆ. ಗೇರ್‌ಬಾಕ್ಸಿನ ತಲೆಯ ಮೇಲೆ ಒಂದು ಕಡ್ಡಿ ಎದ್ದು ನಿಂತಿರುತ್ತದೆ, ಅದೇ ಸೆಲೆಕ್ಟರ್ ಶಾಫ್ಟ್. ಎರಡೂ ಕೇಬಲ್ ಕೊನೆಗೆ ಅದನ್ನೇ ಆಡಿಸುತ್ತವೆ. ಮಾರುತಿ 800 ಓಡಿಸಿದವರಿಗೆ ನೆನಪಿರುತ್ತದೆ, ಅದರಲ್ಲಿ ಕೇಬಲ್ ಬದಲು ರಾಡ್ ಇತ್ತು. ಬುಷ್, ಅಂದರೆ ಕೀಲುಗಳಲ್ಲಿ ಕೂರುವ ಸಣ್ಣ ಬಳೆ, ಸವೆದ ಮೇಲೆ ನ್ಯೂಟ್ರಲ್ ಯಾವುದು, ಮೂರನೇ ಗೇರ್ ಯಾವುದು ಅಂತ ಗೊತ್ತೇ ಆಗುತ್ತಿರಲಿಲ್ಲ. ಕೇಬಲ್ ಬಂದ ಮೇಲೂ ಬುಷ್ ಹೋಗಿಲ್ಲ, ಜಾಗ ಬದಲಾಯಿಸಿದೆ ಅಷ್ಟೆ.

ಈಗ ಲೆಕ್ಕ. ಲಿವರ್ ಅಂದರೆ ತೂಗುಹಲಗೆಯ ಹಾಗೆ. ನಡುವೆ ಒಂದು ಗುಂಡು, ಅದರ ಮೇಲೆ ಉದ್ದ ತೋಳು, ಕೆಳಗೆ ಗಿಡ್ಡ ತೋಳು. ಸುಮ್ನೆ ಉದಾಹರಣೆಗೆ, ಮೇಲಿನ ತೋಳು 200 ಮಿ.ಮೀ., ಕೆಳಗಿನದು 50 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಗೇರ್ ಬೀಳಲು ಕೇಬಲ್ 25 ಮಿ.ಮೀ. ಸರಿಯಬೇಕು ಅಂದರೆ ನಾಬ್, ಅಂದರೆ ಕೈಯಲ್ಲಿ ಹಿಡಿಯುವ ತುದಿ, 100 ಮಿ.ಮೀ. ಸರಿಯಬೇಕು. ಕೆಳಗಿನ ತೋಳನ್ನು 65 ಮಾಡಿದರೆ ನಾಬ್ 77 ಮಿ.ಮೀ. ಸರಿದರೆ ಸಾಕು. ಒಳಗೆ ಗೇರ್ ಸರಿಯುವ ದೂರ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ. ಕೈ ಸರಿಯುವ ದೂರ ಮಾತ್ರ ಕಡಿಮೆಯಾಯಿತು. ದೂರ ಕಡಿಮೆ ಆದಷ್ಟೂ ಬಲ ಜಾಸ್ತಿ ಬೇಕು. ಶೇ. 25 ದೂರ ಕಡಿಮೆ ಮಾಡಿದರೆ ಬಲ ಶೇ. 33 ಜಾಸ್ತಿ. ನಿಮ್ಮ ಕಿಟ್ ಹೇಳುವ 40 ನಿಜವೇ ಆದರೆ ಶೇ. 67 ಜಾಸ್ತಿ. ಈ ಎರಡನೇ ಅಂಕಿಯನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ.

ಇದೇ ಕೆಲಸವನ್ನು ಮೂರು ಕಡೆ ಮಾಡಬಹುದು. ಕೆಳಗಿನ ತೋಳು ಉದ್ದ ಮಾಡಬಹುದು. ಮೇಲಿನ ತೋಳು ಗಿಡ್ಡ ಮಾಡಬಹುದು, ಅಂದರೆ ನಾಬನ್ನೇ ಕೆಳಗೆ ಇಳಿಸುವುದು. ಇಲ್ಲವೇ ಗೇರ್‌ಬಾಕ್ಸ್ ತಲೆಯ ಮೇಲಿರುವ ಲಿವರ್ ಬದಲಿಸಿ, ಕೇಬಲ್ ಕಚ್ಚುವ ಜಾಗವನ್ನು ಶಾಫ್ಟಿನ ಹತ್ತಿರ ತರಬಹುದು. ಪ್ರಶ್ನೆಯ ಜೊತೆ ನೀವು ಕಳಿಸಿದ ಕಿಟ್ಟಿನ ಫೋಟೋ ನೋಡಿದರೆ ನಿಮ್ಮದು ಈ ಮೂರನೇ ಬಗೆ. ಅದರಲ್ಲಿ ಕೇಬಲ್ ಕೂರಿಸಲು ಎರಡು ತೂತು ಇವೆ, ಅದು ಒಳ್ಳೆಯದು. ಶಾಫ್ಟಿನಿಂದ ದೂರ ಇರುವ ತೂತು ಹಗುರ, ಹತ್ತಿರದ್ದು ಬಿಗಿ. ದೂರದ್ದನ್ನೇ ಬಳಸಿ.

ಅದೇ ಫೋಟೋದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಗೇರ್‌ಬಾಕ್ಸ್ ತಲೆಯ ಮೇಲೆ ಈಗಿರುವ ಲಿವರಿನಲ್ಲಿ ಒಂದು ಕಬ್ಬಿಣದ ಗಟ್ಟಿ ಇರುತ್ತದೆ, ಮುಷ್ಟಿಯಷ್ಟು ದಪ್ಪ. ಅದು ಶೋಕಿಗೆ ಇಟ್ಟಿದ್ದಲ್ಲ. ಲಿವರ್ ಒಮ್ಮೆ ಹೊರಟರೆ ಆ ತೂಕವೇ ಅದನ್ನು ಮುಂದಕ್ಕೆ ಒಯ್ಯುತ್ತದೆ, ನಡುವಿನ ತಡೆ ಕೈಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅಗ್ಗದ ಕಿಟ್‌ಗಳಲ್ಲಿ ಇದನ್ನು ತೆಗೆದು ಅಲ್ಯೂಮಿನಿಯಂ ಪಟ್ಟಿ ಕೊಡುತ್ತಾರೆ. ನೋಡಲು ರೇಸ್ ಕಾರಿನ ಭಾಗದ ಹಾಗೆ ಇರುತ್ತದೆ, ಗೇರ್ ಹಾಕುವಾಗ ಮಾತ್ರ ಒಣ ಕಟ್ಟಿಗೆ ಮುರಿದ ಹಾಗೆ. ನಿಮ್ಮ ಕಿಟ್ಟಿನಲ್ಲಿ ಹಳೇ ತೂಕವನ್ನು ಕೂರಿಸಲು ಜಾಗ ಇದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಕಳಿಸಿ. ನಾನಾಗಿದ್ದರೆ ಕಳಿಸುತ್ತಿದ್ದೆ.

ಇನ್ನು ನಿಮ್ಮ ಎರಡನೇ ಗೇರ್. ಗೇರ್‌ಬಾಕ್ಸಿನ ಒಳಗೆ ಸಿಂಕ್ರೊ ಅನ್ನುವ ಬಳೆಗಳಿವೆ, ಎಷ್ಟೋ ಗೇರ್‌ಬಾಕ್ಸಿನಲ್ಲಿ ಹಿತ್ತಾಳೆಯವು. ಒಂದು ವೇಗದಲ್ಲಿ ತಿರುಗುವ ಗೇರನ್ನು ಇನ್ನೊಂದು ವೇಗದ ಶಾಫ್ಟಿಗೆ ಹಲ್ಲು ಕೂಡಿಸುವ ಮೊದಲು, ಈ ಬಳೆ ಗೇರಿನ ಕೋನಿಗೆ, ಅಂದರೆ ಶಂಕುವಿನಾಕಾರದ ಭಾಗಕ್ಕೆ, ಉಜ್ಜಿ ಎರಡರ ವೇಗ ಸಮ ಮಾಡುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ತಿರುಗುತ್ತಿರುವ ಗ್ರೈಂಡರಿನ ಕಲ್ಲಿಗೆ ಅಂಗೈ ಒತ್ತಿ ನಿಲ್ಲಿಸುತ್ತಾರಲ್ಲ, ಹಾಗೆ. ಮೆಲ್ಲಗೆ ಒತ್ತಿದರೆ ಸ್ವಲ್ಪ ಹೊತ್ತು ಬೇಕು. ಜೋರಾಗಿ ಒತ್ತಿದರೆ ಬೇಗ ನಿಲ್ಲುತ್ತದೆ, ಅಂಗೈ ಉರಿಯುತ್ತದೆ. ಶಾರ್ಟ್ ಶಿಫ್ಟರ್ ಹಾಕಿದವರ ಕೈ ಸಹಜವಾಗಿಯೇ ಬೇಗ ಓಡುತ್ತದೆ. ಬಳೆಗೆ ಸಿಗುವ ಹೊತ್ತು ಕಡಿಮೆ, ಬೀಳುವ ಒತ್ತಡ ಜಾಸ್ತಿ. ಗೇರ್‌ಬಾಕ್ಸ್ ಗಟ್ಟಿಮುಟ್ಟಾಗಿದ್ದರೆ ತಡೆದುಕೊಳ್ಳುತ್ತದೆ. ಈಗಾಗಲೇ ಸವೆದ ಬಳೆ ಇದ್ದರೆ ಕಿರ್ ಅನ್ನಲು ಶುರು ಮಾಡುತ್ತದೆ.

ಆದರೆ ನಿಮ್ಮದು ಸಿಂಕ್ರೊ ತೊಂದರೆಯೇ ಅಂತ ಈಗಲೇ ಹೇಳಲಾಗದು. ಮೂರು ಪರೀಕ್ಷೆ ಮಾಡಿ, ಖರ್ಚಿಲ್ಲ.

ಬೆಳಿಗ್ಗೆ ಕಾರು ತಣ್ಣಗಿರುವಾಗ, ಎಂಜಿನ್ ಆಫ್ ಇಟ್ಟು, ಕ್ಲಚ್ ಒತ್ತಿ ಎಲ್ಲ ಗೇರೂ ಹಾಕಿ ನೋಡಿ. ಆಫ್ ಇದ್ದಾಗಲೂ ಎರಡನೇದು ಗಟ್ಟಿ ಅಂದರೆ ಮೊದಲು ಕೇಬಲ್, ಬುಷ್ ಅಥವಾ ಕೇಬಲ್ ಹೊಂದಾಣಿಕೆಯ ಮೇಲೆ ಅನುಮಾನ ಪಡಿ. ಆಫ್ ಇದ್ದಾಗ ಬೆಣ್ಣೆಯ ಹಾಗೆ ಬಿದ್ದು, ಸ್ಟಾರ್ಟ್ ಮಾಡಿದ ಮೇಲೆ ಗಟ್ಟಿ ಅಂದರೆ ಕ್ಲಚ್, ಆಯಿಲ್ ಅಥವಾ ಸಿಂಕ್ರೊ. ಆಗ ಎರಡನೇ ಪರೀಕ್ಷೆ. ಕಾರು ನಿಂತೇ ಇರಲಿ, ಎಂಜಿನ್ ಆನ್, ಕ್ಲಚ್ ಪೂರ್ತಿ ಒತ್ತಿ ಐದಾರು ಸೆಕೆಂಡ್ ಕಾದು ರಿವರ್ಸ್ ಹಾಕಿ. ಅಷ್ಟು ಕಾದರೂ ಕಿರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಮೂರನೇದು ಖಾಲಿ ರಸ್ತೆಯಲ್ಲಿ. ಮೂರರಿಂದ ಎರಡಕ್ಕೆ ಇಳಿಯುವಾಗ, ನ್ಯೂಟ್ರಲ್‌ಗೆ ಬಂದು ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒಂದು ಸಲ ಮೆಲ್ಲಗೆ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಹಳೇ ಲಾರಿ ಡ್ರೈವರುಗಳು ಮಾಡುತ್ತಿದ್ದ ಕ್ರಮ ಇದೇ. ಹೀಗೆ ಮಾಡಿದಾಗ ಸಲೀಸಾಗಿ ಬಿದ್ದು, ಮಾಮೂಲಿ ಥರ ಹಾಕಿದಾಗ ಕಿರ್ ಅಂದರೆ ಸಿಂಕ್ರೊ ಸವೆದಿದೆ. ಆಗ ಶಾರ್ಟ್ ಶಿಫ್ಟರ್ ಮಾತು ಬಿಟ್ಟುಬಿಡಿ.

ನನ್ನ ಅಂದಾಜು ಹೇಳಬೇಕೆಂದರೆ, ತೊಂದರೆ ಚಳಿಯ ಬೆಳಿಗ್ಗೆ ಮಾತ್ರ ಇದ್ದು ಐದಾರು ಕಿ.ಮೀ. ಓಡಿದ ಮೇಲೆ ಹೋಗುತ್ತದೆ ಅಂದರೆ ಅದು ಆಯಿಲ್ ಇರಬಹುದು. ತಣ್ಣಗಿನ ಆಯಿಲ್ ದಪ್ಪ, ಬಳೆ ಕೋನಿಗೆ ತಾಗುವ ಮೊದಲು ನಡುವಿನ ಆಯಿಲ್ ಪದರ ಹಿಂಡಿಹೋಗಬೇಕು. ಗೇರ್ ಆಯಿಲ್ ಬದಲಿಸುವುದೇ ಬೇಡ ಅನ್ನುವ ಮಾತನ್ನು ನಾನು ಯಾವತ್ತೂ ಒಪ್ಪಿಲ್ಲ. 92,000 ಓಡಿದೆ, ಬದಲಿಸಿ. ಇಲ್ಲಿ ಒಂದು ಎಚ್ಚರಿಕೆ. ಅಂಗಡಿಯಲ್ಲಿ ಗೇರ್ ಆಯಿಲ್ ಅಂದರೆ ಲಾರಿ, ಜೀಪಿನ ಹಿಂದಿನ ಆಕ್ಸಲಿಗೆ ಹಾಕುವ ಜಿಎಲ್-5 ಕೈಗೆ ಕೊಡುವ ಸಾಧ್ಯತೆ ಇದೆ. ಅದರಲ್ಲಿ ಗಂಧಕ, ರಂಜಕದ ಮಸಾಲೆ ಜಾಸ್ತಿ. ಹಿತ್ತಾಳೆಗೆ ಅದು ಒಗ್ಗುವುದಿಲ್ಲ. ಜೊತೆಗೆ ಜಾರು ಜಾಸ್ತಿಯಾಗಿ ಬಳೆ ಸರಿಯಾಗಿ ಹಿಡಿಯುವುದೂ ಇಲ್ಲ. ನಿಮ್ಮ ಕಾರಿನ ಮ್ಯಾನುಯಲ್ ಹೇಳಿದ ದರ್ಜೆಯದ್ದೇ ತನ್ನಿ.

ಗೇರಿನಲ್ಲಿದ್ದಾಗ ಲಿವರ್ ಅಲ್ಲಾಡುತ್ತದೆ ಅಂದಿರಲ್ಲ, ಅದನ್ನೂ ಈಗಲೇ ನೋಡಿಬಿಡಿ. ಎಂಜಿನ್ ಆಫ್, ಗೇರ್ ಒಂದರಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಅಪ್ಪ ಒಳಗೆ ಕೂತು ನಾಬ್ ಮೆಲ್ಲಗೆ ಅಲ್ಲಾಡಿಸಲಿ, ನೀವು ಬಾನೆಟ್ ತೆಗೆದು ಗೇರ್‌ಬಾಕ್ಸ್ ತಲೆಯ ಕಡೆ ಟಾರ್ಚ್ ಬಿಡಿ. ಒಳಗೆ ನಾಬ್ ಎರಡು ಬೆರಳು ಅಗಲ ಆಡುತ್ತಿದೆ, ಇಲ್ಲಿ ಏನೂ ಅಲುಗಾಡುತ್ತಿಲ್ಲ ಅಂದರೆ ಸಡಿಲ ಇರುವುದು ನಡುವೆ. ಕೇಬಲ್ ತುದಿಯ ಪ್ಲಾಸ್ಟಿಕ್ ಬುಷ್, ಅಡ್ಡ ಲಿವರಿನ ಬುಷ್, ಲಿವರ್ ಬುಡದ ಗುಂಡು, ಇವಿಷ್ಟೇ ಜಾಗ. ಎಂಜಿನ್ ಮೌಂಟ್, ಅಂದರೆ ಎಂಜಿನ್ ಹಿಡಿದಿರುವ ರಬ್ಬರ್ ಕಟ್ಟು, ಕೂಡ ನೋಡಿ. ಮೌಂಟ್ ಸತ್ತಿದ್ದರೆ ಆಕ್ಸಿಲರೇಟರ್ ಬಿಟ್ಟು ಕೊಟ್ಟಾಗೆಲ್ಲ ಗೇರ್‌ಬಾಕ್ಸೇ ಹಿಂದೆ ಮುಂದೆ ತೂಗುತ್ತದೆ, ಕೇಬಲ್ ಜೊತೆಗೆ ಎಳೆದಾಡುತ್ತದೆ. ಲಿವರ್ ತುಂಬ ದೂರ ಓಡಾಡುತ್ತದೆ ಅಂತ ನನ್ನ ಹತ್ತಿರ ಬಂದವರಲ್ಲಿ ಬಹಳ ಜನಕ್ಕೆ ಬುಷ್ ಹೊಸದು ಹಾಕಿ, ಕೇಬಲ್ ಹೊಂದಿಸಿ ಕಳಿಸಿದ್ದೇನೆ. ಕಿಟ್ ಬೇಕು ಅಂತ ಮತ್ತೆ ಬಂದವರು ಕಡಿಮೆ. ಯಾಕೆಂದರೆ ಸಡಿಲವೂ ದೂರದ ಲೆಕ್ಕದಲ್ಲೇ ಸೇರಿರುತ್ತದೆ. 100 ಮಿ.ಮೀ. ಓಡಾಟದಲ್ಲಿ 20 ಸಡಿಲವೇ ಇದ್ದರೆ, ಬುಷ್ ಬದಲಿಸಿದ ದಿನವೇ ನಿಮಗೆ ಶಾರ್ಟ್ ಶಿಫ್ಟರ್ ಸಿಕ್ಕ ಹಾಗೆ, ಬಲ ಒಂದಿಷ್ಟೂ ಜಾಸ್ತಿಯಾಗದೆ.

ಇಷ್ಟೆಲ್ಲ ಆದ ಮೇಲೂ ಬೇಕು ಅನಿಸಿದರೆ, ಹಾಕೋಣ.

ಕಾರು ಸಮ ನೆಲದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಯಾಕೆಂದರೆ ಗೇರ್ ನ್ಯೂಟ್ರಲ್‌ನಲ್ಲಿ ಇರುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಪಾಸಿಟಿವ್. ಬ್ಯಾಟರಿ ಮತ್ತು ಅದರ ಟ್ರೇ ತೆಗೆದರೆ ಕೈ ಆಡಿಸಲು ಜಾಗ ಸಿಗುತ್ತದೆ. ಏರ್ ಫಿಲ್ಟರಿನ ಪೈಪು ಅಡ್ಡ ಬಂದರೆ ಅದನ್ನೂ ತೆಗೆಯಿರಿ, ಬಾಯಿಗೆ ಬಟ್ಟೆ ತುರುಕಿ. ಈಗ ಕೆಳಗೆ, ಲಿವರುಗಳ ಸುತ್ತ, ಒಂದು ಹಳೇ ಟವೆಲ್ ಹಾಸಿ. ಈ ಟವೆಲ್ ಮರೆಯಬೇಡಿ. ಕೇಬಲ್ ಹಿಡಿದಿರುವ ಸಣ್ಣ ಸರ್ಕ್ಲಿಪ್ ಇರುತ್ತದಲ್ಲ, ಗ್ಯಾರೇಜಿನಲ್ಲಿ ಲಾಕ್ ಅಂತೀವಿ, ಅದು ಸ್ಕ್ರೂಡ್ರೈವರ್ ತುದಿ ತಾಗಿದ ಕೂಡಲೇ ಕಡಲೆಕಾಳಿನ ಹಾಗೆ ಸಿಡಿಯುತ್ತದೆ. ಕೆಳಗಿನ ಪ್ಲಾಸ್ಟಿಕ್ ಕವರ್ ಒಳಗೆ ಬಿದ್ದರೆ ಅರ್ಧ ಗಂಟೆ ಹೋಯಿತು.

ಬಿಚ್ಚುವ ಮೊದಲು ಎರಡು ಕೆಲಸ. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆಯಿರಿ. ಮತ್ತೆ, ಲಿವರ್ ಶಾಫ್ಟಿನ ಮೇಲೆ ಎಲ್ಲಿ ಕೂತಿದೆ ಅಂತ ಬಿಳಿ ಪೇಂಟಿನ ಗೀಟು ಹಾಕಿ, ಲಿವರಿಗೂ ಶಾಫ್ಟಿಗೂ ಸೇರಿಸಿ ಒಂದೇ ಗೀಟು. ಶಾಫ್ಟಿನ ಮೇಲೆ ಲಿವರ್ ಕಚ್ಚಿ ಕೂರುವ ಹಲ್ಲಿನಂಥ ಗೀರುಗಳಿರುತ್ತವೆ. ಹೊಸ ಲಿವರ್ ಒಂದು ಗೀರು ಆಚೆ ಕೂತರೂ ಎಲ್ಲ ಲೆಕ್ಕ ತಪ್ಪುತ್ತದೆ.

ಕೇಬಲ್ ತುದಿಯನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಇಷ್ಟು ವರ್ಷ ಎಂಜಿನ್ ಬಿಸಿ ತಿಂದ ಪ್ಲಾಸ್ಟಿಕ್ ಅದು, ಹಪ್ಪಳದ ಹಾಗೆ ಮುರಿಯುತ್ತದೆ. ಲಾಕ್ ತೆಗೆದು ನೇರವಾಗಿ, ಅಲ್ಲಾಡಿಸುತ್ತ ಎಳೆಯಿರಿ. ಆಮೇಲೆ ಶಾಫ್ಟಿನ ನಟ್ ಬಿಚ್ಚಿ ಹಳೇ ಲಿವರ್ ಮೇಲಕ್ಕೆತ್ತಿ. ಸುತ್ತಿಗೆಯಿಂದ ಕೆಳಗಿನಿಂದ ಹೊಡೆಯಬೇಡಿ, ಒಳಗಿರುವುದು ಇಡೀ ಗೇರ್ ಬದಲಿಸುವ ವ್ಯವಸ್ಥೆ. ಹೊಸದು ಹಾಕುವ ಮೊದಲು ಪಿನ್‌ಗಳಿಗೆ ಒಂದು ಚಿಟಿಕೆ ಗ್ರೀಸ್. ನಟ್ ಅನ್ನು ಸರ್ವಿಸ್ ಮ್ಯಾನುಯಲ್ ಹೇಳಿದಷ್ಟೇ ಬಿಗಿ ಮಾಡಿ, ತೋಳುಬಲ ತೋರಿಸುವ ಜಾಗ ಇದಲ್ಲ.

ಈಗ ಜನ ಬಿಟ್ಟುಬಿಡುವ ಹೆಜ್ಜೆ, ಕೇಬಲ್ ಹೊಂದಿಸುವುದು. ಇದನ್ನು ಬಿಟ್ಟು ನಾನೇ ಒಮ್ಮೆ ಕೈಸುಟ್ಟುಕೊಂಡಿದ್ದೇನೆ. ಬಹಳ ವರ್ಷದ ಹಿಂದೆ ಗೆಳೆಯನೊಬ್ಬನ ಕಾರಿಗೆ ಸಂಜೆ ಅವಸರದಲ್ಲಿ ಕಿಟ್ ಹಾಕಿದೆ. ಎಲ್ಲ ಗೇರೂ ಬಿದ್ದವು, ಊರೊಳಗೆ ಎರಡು ಸುತ್ತು ಹೊಡೆದು ಖುಷಿಪಟ್ಟೆವು. ಮರುದಿನ ಚಾರ್ಮಾಡಿ ಘಾಟಿ ಇಳಿಯುವಾಗ ಎರಡನೇ ಗೇರ್ ತನ್ನಷ್ಟಕ್ಕೆ ಹಾರಿ ನ್ಯೂಟ್ರಲ್‌ಗೆ ಬಂತು. ಎಂಜಿನ್ ಹಿಡಿತ ಹೋಯಿತು, ಮುಂದೆ ತಿರುವು, ಬ್ರೇಕ್ ಒಂದೇ ಗತಿ. ಏನೂ ಆಗಲಿಲ್ಲ, ಅವನು ಹುಷಾರಿನ ಡ್ರೈವರ್. ಬಿಚ್ಚಿ ನೋಡಿದರೆ ಕೇಬಲ್ ನಾಲ್ಕೈದು ಮಿ.ಮೀ. ಒಂದು ಕಡೆಗೆ ಸರಿದಿತ್ತು. ಗೇರ್ ಬಿದ್ದಿದ್ದು ಮುಕ್ಕಾಲು ಮಾತ್ರ. ಹಲ್ಲುಗಳು ತುದಿಯಲ್ಲಷ್ಟೇ ಕಚ್ಚಿದ್ದವು, ಇಳಿಜಾರಿನಲ್ಲಿ ಎಂಜಿನ್ ಎಳೆತ ಬಿದ್ದ ಕೂಡಲೇ ಕಳಚಿಕೊಂಡವು. ಹಾಗೇ ಓಡಿಸಿದ್ದರೆ ಹಲ್ಲಿನ ಅಂಚು ದುಂಡಗಾಗಿ, ಆಗ ನಿಜವಾಗಿಯೂ ಗೇರ್‌ಬಾಕ್ಸ್ ಇಳಿಸಬೇಕಾಗುತ್ತಿತ್ತು.

ಫೋಕ್ಸ್‌ವ್ಯಾಗನ್ ಕೇಬಲ್ ಗೇರುಗಳಲ್ಲಿ ಹೊಂದಿಸುವ ಕ್ರಮ ನಿಜಕ್ಕೂ ಚೆನ್ನಾಗಿದೆ. ಗೇರ್‌ಬಾಕ್ಸ್ ಕಡೆ ಎರಡೂ ಕೇಬಲ್ಲಿನ ಮೇಲೆ ಸ್ಪ್ರಿಂಗ್ ಇರುವ ಒಂದೊಂದು ಕೊರಳಪಟ್ಟಿ ಇರುತ್ತದೆ. ಅದನ್ನು ಮುಂದಕ್ಕೆ ಒತ್ತಿ, ತಿರುಗಿಸಿದರೆ ಅಲ್ಲೇ ನಿಲ್ಲುತ್ತದೆ. ಈಗ ಕೇಬಲ್ಲಿನ ಉದ್ದ ಸಡಿಲ. ಎರಡನೇದು, ಸೆಲೆಕ್ಟರ್ ಶಾಫ್ಟನ್ನು ನ್ಯೂಟ್ರಲ್‌ನಲ್ಲಿ ಕೆಳಕ್ಕೆ ಒತ್ತಿ ಹಿಡಿದು, ಅದರ ಪಕ್ಕದಲ್ಲಿರುವ ಎಲ್ ಆಕಾರದ ಸಣ್ಣ ಕಡ್ಡಿಯನ್ನು ತಿರುಗಿಸಿ. ಶಾಫ್ಟ್ ಅಲ್ಲಿ ಲಾಕ್ ಆಗುತ್ತದೆ. ಮೂರನೇದು ಕಾರಿನೊಳಗೆ. ಗೇರ್ ಲಿವರಿನ ಚರ್ಮದ ಚೀಲ ಮೇಲೆತ್ತಿದರೆ ಲಿವರಿನ ಬುಡದಲ್ಲಿ ಒಂದು ತೂತು, ಅದರ ಕೆಳಗಿನ ಚೌಕಟ್ಟಿನಲ್ಲಿ ಇನ್ನೊಂದು ತೂತು ಕಾಣುತ್ತವೆ. ಲಿವರನ್ನು ನ್ಯೂಟ್ರಲ್‌ನಲ್ಲಿಟ್ಟು ಎರಡು ತೂತನ್ನೂ ಸೇರಿಸಿ ಪಿನ್ ಹಾಕಬೇಕು. ಕಂಪನಿಯ ಪಿನ್ ಇಲ್ಲದಿದ್ದರೆ ತೂತಿಗೆ ಬಿಗಿಯಾಗಿ ಕೂರುವ ಡ್ರಿಲ್ ಬಿಟ್ಟಿನ ಹಿಂಭಾಗ ಸಾಕು. ಈಗ ಎರಡೂ ತುದಿ ನಿಖರ ನ್ಯೂಟ್ರಲ್‌ನಲ್ಲಿ ಕಟ್ಟಿಹಾಕಿದ ಹಾಗಾಯಿತು. ಹೊರಗೆ ಬಂದು ಕೊರಳಪಟ್ಟಿಗಳನ್ನು ವಾಪಸ್ ತಿರುಗಿಸಿದರೆ ಸ್ಪ್ರಿಂಗ್ ತಾನೇ ಟಪ್ ಅಂತ ಕೇಬಲ್ ಹಿಡಿಯುತ್ತದೆ. ಆಗ ಕೇಬಲ್ಲನ್ನು ಎಳೆಯುವುದು, ತಳ್ಳುವುದು ಏನೂ ಮಾಡಬೇಡಿ. ಆಮೇಲೆ ಎಲ್ ಕಡ್ಡಿ ಹಿಂದಕ್ಕೆ ತಿರುಗಿಸಿ, ಒಳಗಿನ ಪಿನ್ ತೆಗೆಯಿರಿ. ಪಿನ್ ಮರೆತು ಗೇರ್ ಹಾಕಲು ಹೋಗಿ ಲಿವರ್ ಬುಡ ಮುರಿದವರೂ ಇದ್ದಾರೆ.

ಬ್ಯಾಟರಿ ಕೂರಿಸುವ ಮೊದಲು ಅಪ್ಪನನ್ನು ಮತ್ತೆ ಒಳಗೆ ಕೂರಿಸಿ, ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಮತ್ತೆ ರಿವರ್ಸ್ ಹಾಕಲಿ. ನೀವು ಬಾನೆಟ್ ಒಳಗಿನ ಹೊಸ ಲಿವರನ್ನೇ ನೋಡುತ್ತಿರಿ. ಪ್ರತಿ ಗೇರಿನ ಕೊನೆಗೂ ಅದು ಪೂರ್ತಿ ಹೋಗಿ ನಿಲ್ಲಬೇಕು, ಯಾವ ಪೈಪಿಗೂ ವೈರಿಗೂ ತಾಗಬಾರದು. ಬ್ಯಾಟರಿ ಟ್ರೇ ಸುಮ್ನೆ ಇಟ್ಟು ಮತ್ತೊಮ್ಮೆ ನೋಡಿ. ಹೊಸ ಲಿವರ್ ಎತ್ತರ ಇದ್ದರೆ ಟ್ರೇಯ ತಳಕ್ಕೆ ಉಜ್ಜಬಹುದು. ರಿವರ್ಸ್‌ಗೆ ಕಾರಿನೊಳಗಿನ ಲಿವರನ್ನು ಕೆಳಗೆ ಒತ್ತಿಯೇ ಎಡಕ್ಕೆ ಹೋಗಬೇಕು, ಒತ್ತದೆ ಹೋಗಬಾರದು. ಅದು ಕೆಲಸ ಮಾಡುತ್ತಿದೆಯಾ ಅಂತ ಎರಡು ಸಲ ನೋಡಿ. ನಾಬ್ ಇಳಿಸಲು ಲಿವರ್ ಕತ್ತರಿಸಿದವರು ಕೆಡಿಸಿಕೊಳ್ಳುವುದು ಇದನ್ನೇ.

ಅಡ್ಡ ಸಾಲಿನ ದೂರವನ್ನೂ ಕಡಿಮೆ ಮಾಡುವ ಎರಡನೇ ತುಣುಕು ನಿಮ್ಮ ಕಿಟ್ಟಿನಲ್ಲಿದ್ದರೆ ಹಾಕಬೇಡಿ. ಸಾಲುಗಳು ಹತ್ತಿರ ಬಂದಷ್ಟೂ ಕೈತಪ್ಪುವುದು ಸುಲಭ. ಮೂರರಲ್ಲಿ 4,000 ಆರ್‌ಪಿಎಂ ಇದ್ದಾಗ ನಾಲ್ಕಕ್ಕೆ ಎಳೆಯಲು ಹೋಗಿ ಎರಡಕ್ಕೆ ಬಿದ್ದರೆ ಎಂಜಿನ್ ಸುಮಾರು ಒಂದೂವರೆ ಪಟ್ಟು ತಿರುಗಬೇಕಾಗುತ್ತದೆ, ಅಂದರೆ 6,000ದ ಆಚೆಈಚೆ. ಡೀಸೆಲ್ ಎಂಜಿನ್ನಿಗೆ ಅದು ಬಹಳ ಜಾಸ್ತಿ. ಕಂಪ್ಯೂಟರ್ ಡೀಸೆಲ್ ನಿಲ್ಲಿಸಬಹುದು, ಚಕ್ರ ಎಂಜಿನ್ನನ್ನು ತಿರುಗಿಸುವುದನ್ನು ನಿಲ್ಲಿಸಲಾಗದು.

ಕೆಲವು ಕಿಟ್ಟಿನ ಜೊತೆ ಲಿವರ್ ಬುಡದ ರಬ್ಬರ್ ಬದಲಿಗೆ ಗಟ್ಟಿ ಲೋಹದ ಬುಷ್ ಬರುತ್ತದೆ. ಪೆಟ್ರೋಲಿನಲ್ಲಿ ನಡೆಯುತ್ತದೆ. ನಿಮ್ಮ ಡೀಸೆಲ್ಲಿನ ಅದುರು ಅಂಗೈಗೇ ಬರುತ್ತದೆ, ಬೇಡ. ಲೋಹದ ಭಾರದ ನಾಬ್ ಕೂಡ ಹಾಗೇ. ತೂಕದಿಂದ ಗೇರ್ ಮೆತ್ತಗೆ ಬೀಳುವುದೇನೋ ನಿಜ, ಏಪ್ರಿಲ್ ತಿಂಗಳಲ್ಲಿ ಕಾರನ್ನು ಬಿಸಿಲಿಗೆ ನಿಲ್ಲಿಸಿ ಬಂದರೆ ದೋಸೆಕಾವಲಿ ಹಿಡಿದ ಹಾಗೆ. ಚರ್ಮ ಸುತ್ತಿದ್ದು ತಗೊಳ್ಳಿ.

ಕಾನೂನಿನ ಮಾತು ಒಂದು ಸಾಲಿನಲ್ಲಿ. ಮೋಟಾರು ವಾಹನ ಕಾಯ್ದೆಯ ಕಲಂ 52 ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವ ಬದಲಾವಣೆಯನ್ನು ತಡೆಯುತ್ತದೆ. ಗೇರ್ ಲಿವರಿನ ಅಳತೆ ಆರ್‌ಸಿಯಲ್ಲಿ ಇರುವುದಿಲ್ಲ, ಆದರೂ ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿಬಿಡುವುದು ಒಳ್ಳೆಯದು. ಪೋಲೋ ನಮ್ಮಲ್ಲಿ 2022ರಲ್ಲೇ ನಿಂತಿತು, ಡೀಸೆಲ್ ಅದಕ್ಕೂ ಮೊದಲೇ 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಹೋಯಿತು. ಹಾಗಾಗಿ ತೆಗೆದ ಹಳೇ ಲಿವರ್, ಲಾಕ್, ಬುಷ್ ಎಲ್ಲವನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳಿ.

ಕೊನೆಗೆ ಅಪ್ಪನ ವಿಷಯ. ಮೊದಲ ವಾರ ಕಾರು ಅವರೇ ಓಡಿಸಲಿ, ಅದೂ ಪೇಟೆಯ ಟ್ರಾಫಿಕ್ಕಿನಲ್ಲಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ. ನೀವು ಖುಷಿಯಲ್ಲಿರುತ್ತೀರಿ, ನಿಮ್ಮ ಕೈಗೆ ಗಟ್ಟಿ ಅನಿಸುವುದಿಲ್ಲ. ಅವರು ಎರಡನೇ ಗೇರಿಗೆ ಭುಜ ಕೊಟ್ಟು ಎಳೆಯುತ್ತಿದ್ದಾರೆ ಅಂತ ಕಂಡರೆ ಹಳೇ ಲಿವರ್ ವಾಪಸ್ ಹಾಕಿ, ನಾಬ್ ಮಾತ್ರ ಒಂದೂವರೆ ಸೆಂಟಿಮೀಟರ್ ಗಿಡ್ಡದ್ದು ತನ್ನಿ. ಅರ್ಧ ದಿನದ ಕೆಲಸ, ಈ ಸಲ ಟವೆಲ್ ಎಲ್ಲಿ ಹಾಸಬೇಕು ಅಂತ ಗೊತ್ತಿರುತ್ತದೆ.